ಹಳೇ ಸೌದೆ ಸೀಳೋ ಮಷಿನ್: ಮನೇಲೇ ರಿಪೇರಿಯೋ, ಪೀಣ್ಯದ ವರ್ಕ್‌ಶಾಪೋ, ಹೊಸದೋ?

ನಮ್ಮ ದೊಡ್ಡಪ್ಪ ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸೌದೆ ಡಿಪೋ ಇಟ್ಟಿದ್ದರು. ಛತ್ರಗಳಿಗೂ ಬಿರಿಯಾನಿ ಹೋಟೆಲುಗಳಿಗೂ ಅಲ್ಲಿಂದಲೇ ಸೌದೆ ಹೋಗುತ್ತಿತ್ತು. ಡಿಪೋ ಮುಚ್ಚಿದಾಗ ಉಳಿದದ್ದು ಒಂದು ತಕ್ಕಡಿ, ಎರಡು ಕೊಡಲಿ ಮತ್ತು ಒಂದು ಹೈಡ್ರಾಲಿಕ್ ಮಷಿನ್. ತಕ್ಕಡಿ ಗುಜರಿಗೆ ಹೋಯಿತು. ಮಷಿನ್ ನನ್ನ ಪಾಲಿಗೆ ಬಂತು. ತಾವರೆಕೆರೆ ಹತ್ತಿರದ ನಮ್ಮ ಜಾಗದಲ್ಲಿ ಒಂದು ಟಾರ್ಪಾಲ್ ಹೊದಿಸಿ ನಿಲ್ಲಿಸಿದೆ. ಬಚ್ಚಲ ಹಂಡೆಗೆ ದಿನಾ ಸೌದೆ ಬೇಕು. ವರ್ಷಕ್ಕೆ ಎರಡು ಮೂರು ಸಲ ಮನೆ ಮುಂದೆ ಪೆಂಡಾಲ್ ಹಾಕಿ ಅಡುಗೆ ಮಾಡಿಸುವಾಗ ರಾಶಿ ಸೌದೆ ಬೇಕು.

ಕೆಲವು ವರ್ಷ ಚೆನ್ನಾಗಿಯೇ ಓಡಿತು. ಆಮೇಲೆ ಒಂದು ದಿನ ನೀಲಗಿರಿ ತುಂಡಿನ ಗಂಟಿಗೆ ಬಂದು ನಿಂತುಬಿಟ್ಟಿತು. ಮೋಟಾರ್ ತಿರುಗುತ್ತಿದೆ, ರಾಡ್ ಮುಂದೆ ಬರುತ್ತಿದೆ, ಬೆಣೆ ಮರಕ್ಕೆ ತಾಗುತ್ತಿದೆ. ಅಷ್ಟೇ. ಮುಂದಕ್ಕೆ ಹೋಗಲ್ಲ.

ಅಭಿಪ್ರಾಯಗಳಿಗೇನು ಬರವೇ? ಪಕ್ಕದ ಮನೆಯವರು "ಗುಜರಿಗೆ ಹಾಕಿ ಸರ್, ಕಬ್ಬಿಣಕ್ಕೆ ಒಳ್ಳೆ ರೇಟಿದೆ" ಎಂದರು. ತಮ್ಮ ಫೋನಿನಲ್ಲಿ ಹೊಸ ಮಷಿನ್ ತೋರಿಸಿ, "ಅಣ್ಣ, ಇದು ಸಿಂಗಲ್ ಫೇಸು, ಇದನ್ನೇ ತಗೋ" ಎಂದ. ಒಂದು ಅಂಗಡಿಯವರು ಬಂದು ಮಷಿನ್ ಆನ್ ಮಾಡಿ, ಕಿವಿಗೊಟ್ಟು ಕೇಳಿ, "ಪಂಪ್ ಹೋಗಿದೆ" ಎಂದರು. ನಾನು ಅವರ ಮಾತು ನಂಬಿದೆ. ಹೊಸ ಪಂಪ್ ಬಂತು, ದುಡ್ಡು ಹೋಯಿತು. ಗಂಟಿಗೆ ಬಂದರೆ ಮಷಿನ್ ಮೊದಲಿನ ಹಾಗೆಯೇ ನಿಂತಿತು.

ಆಮೇಲೆ ನಾನು ಕೊಂಡದ್ದು ಒಂದು ಪ್ರೆಷರ್ ಗೇಜ್. ಈ ಬರಹದಲ್ಲಿ ಹೇಳುವುದೆಲ್ಲ ಆ ಗೇಜಿನಿಂದಲೇ ಶುರು. ಮಷಿನ್ ಎಷ್ಟು ಹಳೇದು ಅನ್ನುವುದನ್ನು ನೋಡಿಕೊಂಡು ರಿಪೇರಿಯೋ ಹೊಸದೋ ಎಂದು ತೀರ್ಮಾನ ಮಾಡಬೇಡಿ. ಒತ್ತಡ ಎಲ್ಲಿ ಸೋರಿಹೋಗುತ್ತಿದೆ ಅನ್ನುವುದು ಗೊತ್ತಾದರೆ ಯಾವ ದಾರಿ ಅನ್ನುವುದು ಹೆಚ್ಚು ಕಡಿಮೆ ತಾನಾಗಿಯೇ ಗೊತ್ತಾಗುತ್ತದೆ.

ಒಳಗೆ ಏನು ನಡೆಯುತ್ತೆ

ಚಿಕ್ಕದಾಗಿ ಹೇಳುತ್ತೇನೆ. ಮೋಟಾರ್ ಪಂಪನ್ನು ತಿರುಗಿಸುತ್ತದೆ. ಪಂಪ್ ಟ್ಯಾಂಕಿನಿಂದ ಆಯಿಲ್ ಎಳೆದು ವಾಲ್ವಿಗೆ ತಳ್ಳುತ್ತದೆ. ನೀವು ಲಿವರ್ ಎಳೆದರೆ ಆಯಿಲ್ ಸಿಲಿಂಡರಿನ ಹಿಂದಕ್ಕೆ ಹೋಗಿ ಪಿಸ್ಟನ್ನನ್ನು ಮುಂದಕ್ಕೆ ಒತ್ತುತ್ತದೆ, ಪಿಸ್ಟನ್ನಿಗೆ ಸೇರಿದ ರಾಡ್ ಬೆಣೆಯನ್ನು ಮರಕ್ಕೆ ತಳ್ಳುತ್ತದೆ. ಅತಿಯಾದ ಒತ್ತಡ ಬಂದರೆ ರಿಲೀಫ್ ವಾಲ್ವ್ ಬಾಯಿ ತೆರೆದು ಆಯಿಲನ್ನು ಟ್ಯಾಂಕಿಗೆ ವಾಪಸ್ ಬಿಡುತ್ತದೆ.

ನಮ್ಮ ಮಷಿನಿನ ಸಿಲಿಂಡರಿನ ಒಳವ್ಯಾಸ 100 ಮಿಲಿಮೀಟರ್. ಅಂದರೆ ಪಿಸ್ಟನ್ನಿನ ಮುಖ 78.5 ಚದರ ಸೆಂಟಿಮೀಟರ್. ಒಂದು ಬಾರ್ ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ ಒತ್ತಡ. 160 ಬಾರ್ ಇದ್ದರೆ ಬೆಣೆಯ ಮೇಲೆ ಹನ್ನೆರಡೂವರೆ ಟನ್ ದಾಟುತ್ತದೆ. 60 ಬಾರ್ ಇದ್ದರೆ ಐದು ಟನ್ ಕೂಡ ಇಲ್ಲ. ನೇರ ಎಳೆಯ ಸಿಲ್ವರ್ ಓಕ್ ಐದು ಟನ್ನಿಗೂ ಸೀಳುತ್ತದೆ. ಒಣಗಿದ ನೀಲಗಿರಿ ಗಂಟು, ಹುಣಸೆ ಕೊರಡು ಬಗ್ಗಲ್ಲ. ಹಾಗಾಗಿ "ಕೆಲವೊಮ್ಮೆ ಸೀಳುತ್ತೆ, ಕೆಲವೊಮ್ಮೆ ಇಲ್ಲ" ಅನ್ನುವ ಮಷಿನ್ ಹುಚ್ಚು ಹಿಡಿದಿದ್ದಲ್ಲ. ಅದರ ಒತ್ತಡ ಅರ್ಧಕ್ಕೆ ನಿಂತಿದೆ.

ಗೇಜ್ ಹಾಕಿ ನೋಡುವುದು

ಸೊನ್ನೆಯಿಂದ 250 ಬಾರ್ ತನಕ ತೋರಿಸುವ, ಒಳಗೆ ಗ್ಲಿಸರಿನ್ ತುಂಬಿದ ಗೇಜ್ ತೆಗೆದುಕೊಳ್ಳಿ. ಗ್ಲಿಸರಿನ್ ಇಲ್ಲದಿದ್ದರೆ ಮುಳ್ಳು ನಡುಗುತ್ತಲೇ ಇರುತ್ತದೆ, ಓದಲು ಆಗಲ್ಲ. ಪಂಪಿಗೂ ವಾಲ್ವಿಗೂ ನಡುವೆ ಒಂದು ಟೀ (ಇಂಗ್ಲಿಷಿನ T ಆಕಾರದ ಜೋಡಣೆ) ಹಾಕಿ ಅದರಲ್ಲಿ ಗೇಜ್ ಕೂರಿಸಿ. ಟೀ ಕೂಡ ಹೈಡ್ರಾಲಿಕ್ ಟೀಯೇ ಆಗಬೇಕು. ನೀರಿನ ಪೈಪಿನ ಜಿಐ ಟೀ ಹಾಕಿದರೆ ಗೇಜ್ ಹಾರಿ ಮುಖಕ್ಕೆ ಬರಬಹುದು.

ಮೊದಲ ಓದು ಹೀಗೆ. ರಾಡನ್ನು ಪೂರ್ತಿ ಮುಂದಕ್ಕೆ ಬಿಡಿ. ಕೊನೆಗೆ ಮುಟ್ಟಿದ ಮೇಲೂ ಎರಡು ಸೆಕೆಂಡ್ ಲಿವರ್ ಹಿಡಿದು ಮುಳ್ಳು ಎಲ್ಲಿಗೆ ಹೋಗುತ್ತದೆ ನೋಡಿ. ಎರಡೇ ಸೆಕೆಂಡ್, ಜಾಸ್ತಿ ಬೇಡ. ನಮ್ಮ ಮಷಿನ್ 160 ಬಾರಿಗೆ ಸೆಟ್ ಆದದ್ದು, ಗೇಜ್ 60 ತೋರಿಸಿತು. ನಿಮ್ಮದೂ 160ಕ್ಕೆ ಸೆಟ್ ಆಗಿದ್ದು ಮುಳ್ಳು 200 ದಾಟುತ್ತಿದ್ದರೆ ತಕ್ಷಣ ಕೈ ಬಿಡಿ. ರಿಲೀಫ್ ವಾಲ್ವ್ ಅಂಟಿಕೊಂಡಿರಬಹುದು, ಅದು ಬೇರೆಯೇ ತೊಂದರೆ.

ಈಗ ಕಳ್ಳ ಯಾರು ಎಂದು ಹುಡುಕಬೇಕು. ಪಂಪು, ರಿಲೀಫ್ ವಾಲ್ವು, ಸಿಲಿಂಡರು, ಮೂವರಲ್ಲಿ ಒಬ್ಬ. ಮೋಟಾರ್ ನಿಲ್ಲಿಸಿ, ಪ್ಲಗ್ ಕಿತ್ತು, ಲಿವರನ್ನು ಎರಡೂ ಕಡೆ ಆಡಿಸಿ ಉಳಿದ ಒತ್ತಡ ಇಳಿಸಿ. ಆಮೇಲೆ ಸಿಲಿಂಡರಿಗೆ ಹೋಗುವ ಎರಡೂ ಹೋಸುಗಳನ್ನು ವಾಲ್ವಿನ ಕಡೆಯಿಂದ ಬಿಚ್ಚಿ, ವಾಲ್ವಿನ ಆ ಎರಡು ಬಾಯಿಗೂ ಉಕ್ಕಿನ ಪ್ಲಗ್ ಹಾಕಿ ಬಿಗಿಯಿರಿ. ಬಟ್ಟೆ ತುರುಕುವುದು, ಬೆರಳು ಇಡುವುದು ಅಂತ ಯಾರಾದರೂ ಹೇಳಿದರೆ ಅವರನ್ನು ಮನೆಗೆ ಕಳಿಸಿ. ಈಗ ಮೋಟಾರ್ ಆನ್ ಮಾಡಿ ಮತ್ತೆ ಎರಡು ಸೆಕೆಂಡ್ ಲಿವರ್ ಎಳೆಯಿರಿ.

ಮುಳ್ಳು 160ಕ್ಕೆ ಹಾರಿದರೆ ಪಂಪೂ ಸರಿ, ರಿಲೀಫ್ ವಾಲ್ವೂ ಸರಿ. ಸಿಲಿಂಡರಿನ ಒಳಗೆ ಪಿಸ್ಟನ್ ಸೀಲ್ (ಪಿಸ್ಟನ್ನಿನ ಸುತ್ತ ಸೋರದ ಹಾಗೆ ತಡೆಯುವ ಬಳೆ) ದಾಟಿ ಆಯಿಲ್ ಆಚೆ ಕಡೆಗೆ ನುಸುಳುತ್ತಿದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಅದಕ್ಕೇ ಎಲ್ಲರೂ ಪಂಪಿನ ಮೇಲೆ ಅನುಮಾನ ಪಡುವುದು.

ಈಗಲೂ 60ರಲ್ಲೇ ನಿಂತರೆ ಸಿಲಿಂಡರ್ ನಿರಪರಾಧಿ. ರಿಲೀಫ್ ವಾಲ್ವಿನ ಸ್ಕ್ರೂವನ್ನು ಕಾಲು ಸುತ್ತು ಒಳಗೆ ತಿರುಗಿಸಿ ಮತ್ತೆ ನೋಡಿ. ಒತ್ತಡ ಏರಿದರೆ ಸ್ಪ್ರಿಂಗ್ ಸಡಿಲವಾಗಿತ್ತು. ಏರದಿದ್ದರೆ ಸ್ಕ್ರೂ ಎಷ್ಟು ಸುತ್ತು ಇದೆ ಎಂದು ಎಣಿಸಿ ಬರೆದಿಟ್ಟು ವಾಲ್ವ್ ಬಿಚ್ಚಿ. ಒಳಗಿನ ಸೀಟಿನಲ್ಲಿ ಒಂದು ಚೂರು ರಬ್ಬರೋ ಲೋಹದ ಪುಡಿಯೋ ಕೂತಿದ್ದರೂ ಸಾಕು, ಬಾಯಿ ಪೂರ್ತಿ ಮುಚ್ಚಲ್ಲ. ತೊಳೆದು ಹಾಕಿ. ಅದಾದ ಮೇಲೂ ಏರದಿದ್ದರೆ ಆಗ ಪಂಪನ್ನು ಬೈಯಬಹುದು.

ಒತ್ತಡ ಸರಿಯಾಗಿದೆ, ಆದರೆ ಮಷಿನ್ ನಿಧಾನ ಮತ್ತು ಕಿರ್ರ್ ಎಂದು ಕಿರುಚುತ್ತದೆ ಅಂದರೆ ಪಂಪಿಗೆ ಆಯಿಲ್ ಸಿಗುತ್ತಿಲ್ಲ. ಟ್ಯಾಂಕಿನ ಒಳಗಿನ ಜಾಲರಿ ಕಟ್ಟಿಕೊಂಡಿರುತ್ತದೆ, ಇಲ್ಲವೇ ಟ್ಯಾಂಕಿನಿಂದ ಆಯಿಲ್ ಎಳೆಯುವ ಸಕ್ಷನ್ ಹೋಸ್ ಒಳಗೇ ಚಪ್ಪಟೆಯಾಗಿರುತ್ತದೆ. ಟ್ಯಾಂಕಿನಲ್ಲಿ ಸೋಪಿನ ನೊರೆಯ ಹಾಗೆ ಬಂದರೆ ಸಕ್ಷನ್ ಕಡೆ ಎಲ್ಲೋ ಗಾಳಿ ಎಳೆಯುತ್ತಿದೆ. ಮಜ್ಜಿಗೆಯ ಹಾಗೆ ಬೆಳ್ಳಗಾಗಿದ್ದರೆ ಅದು ನೀರು. ಬೆಂಗಳೂರಿನ ಮಳೆಯಲ್ಲಿ ಟಾರ್ಪಾಲಿನ ಕೆಳಗೆ ನಿಂತ ಮಷಿನಿಗೆ ಇದು ಮಾಮೂಲು. ಈ ಮೂರಕ್ಕೂ ಯಾವ ಪಾರ್ಟೂ ದೊಡ್ಡದಾಗಿ ಬದಲಾಯಿಸಬೇಕಿಲ್ಲ, ಯಾವ ರಿಪೇರಿ ಅಂಗಡಿಗೂ ಹೋಗಬೇಕಿಲ್ಲ.

ಇನ್ನೊಂದು ಮಾತು, ಇದನ್ನು ನಗುತ್ತಾ ಹೇಳಲು ಆಗುವುದಿಲ್ಲ. ಸೂಜಿಮೊನೆಯಷ್ಟು ತೂತಿನಿಂದ ಹೊರಬರುವ ಹೈಡ್ರಾಲಿಕ್ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೊಳ್ಳೆ ಕಚ್ಚಿದಷ್ಟೇ ಗುರುತು. ಒಳಗೆ ಮಾಂಸ ಸಾಯುತ್ತಾ ಹೋಗುತ್ತದೆ, ಬೆರಳನ್ನೇ ತೆಗೆಯಬೇಕಾಗಬಹುದು. ಸೋರಿಕೆ ಎಲ್ಲಿದೆ ಎಂದು ಕೈಯಿಂದ ಸವರಿ ನೋಡಬೇಡಿ. ರಟ್ಟಿನ ತುಂಡು ಹಿಡಿದು ನೋಡಿ. ಚುಚ್ಚಿದ ಹಾಗಾದರೆ ನೋವಿಲ್ಲದಿದ್ದರೂ ಆಗಲೇ ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೆ ಹೋಗಿ, "ಹೈಡ್ರಾಲಿಕ್ ಆಯಿಲ್ ಒಳಗೆ ಹೋಗಿದೆ" ಎಂದೇ ಹೇಳಿ.

ಸಿಲಿಂಡರ್: ಸೀಲ್ ಸಾಕೋ, ರಾಡಿಗೆ ಕ್ರೋಮ್ ಬೇಕೋ, ಸಿಲಿಂಡರೇ ಹೊಸದೋ

ನಮ್ಮದರಲ್ಲಿ ಕಳ್ಳ ಸಿಕ್ಕಿದ್ದು ಇಲ್ಲಿ. ಹಳೇ ಮಷಿನುಗಳಲ್ಲಿ ಹೆಚ್ಚಾಗಿ ಇಲ್ಲೇ ಸಿಗುವುದು.

ಸಿಲಿಂಡರ್ ಬಿಚ್ಚುವ ಮುಂಚೆಯೇ ಒಂದು ಪರೀಕ್ಷೆ ಮಾಡಬಹುದು. ರಾಡನ್ನು ಪೂರ್ತಿ ಹೊರಗೆ ಬಿಟ್ಟು, ಮೋಟಾರ್ ನಿಲ್ಲಿಸಿ, ಒರೆಸಿ, ಉಗುರನ್ನು ಅದರ ಉದ್ದಕ್ಕೂ ಮೆಲ್ಲಗೆ ಎಳೆಯಿರಿ. ಉಗುರು ಎಲ್ಲೂ ತಡೆಯದಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಸೀಲ್ ಕಿಟ್ ಸಾಕು, ಮನೆಯಲ್ಲೇ ಆಗುತ್ತದೆ. ಉಗುರು ಸಿಕ್ಕಿಕೊಂಡರೆ ಅಲ್ಲಿ ಮೇಲಿನ ಕ್ರೋಮ್ ಲೇಪ ಎದ್ದು ತುಕ್ಕಿನ ಗುಳಿ ಬಿದ್ದಿದೆ. ಅಂಥ ರಾಡಿಗೆ ಹೊಸ ಸೀಲ್ ಹಾಕುವುದು ಒಡೆದ ಕೊಡಕ್ಕೆ ನೀರು ತುಂಬಿಸಿದ ಹಾಗೆ. ಆ ಗುಳಿಯ ಅಂಚು ಪ್ರತಿ ಸಲವೂ ಸೀಲಿನ ತುಟಿಯನ್ನು ಕೊಯ್ಯುತ್ತದೆ, ಕೆಲವೇ ವಾರಕ್ಕೆ ಮತ್ತೆ ಸೋರುತ್ತದೆ.

ಸೀಲ್ ಬದಲಾಯಿಸುವುದು ಕಷ್ಟದ ಕೆಲಸವಲ್ಲ, ತಾಳ್ಮೆಯ ಕೆಲಸ. ರಾಡ್ ಹೊರಬರುವ ಕಡೆಯ ಮುಚ್ಚಳವನ್ನು, ಅಂದರೆ ಗ್ಲ್ಯಾಂಡನ್ನು, ಬಿಚ್ಚಲು ಹುಕ್ ಸ್ಪ್ಯಾನರ್ ಬೇಕು. ಉಳಿ ಸುತ್ತಿಗೆಯಿಂದ ಹೊಡೆದು ಬಿಚ್ಚಿದವರ ಗ್ಲ್ಯಾಂಡುಗಳನ್ನು ನೋಡಿದ್ದೇನೆ, ನಾಯಿ ಕಚ್ಚಿದ ಹಾಗಿರುತ್ತವೆ. ಪಿಸ್ಟನ್ನಿನ ನಟ್ ತುಂಬ ಬಿಗಿಯಾಗಿರುತ್ತದೆ. ಉದ್ದ ಪೈಪ್ ಹಾಕಿ ಮೀಟಬೇಕು. ರಾಡನ್ನು ವೈಸಿನಲ್ಲಿ ನೇರವಾಗಿ ಹಿಡಿಯಬೇಡಿ, ಮರದ ತುಂಡು ಇಟ್ಟು ಹಿಡಿಯಿರಿ.

ನಾನು ಬಿಚ್ಚಿದಾಗ ಪಿಸ್ಟನ್ ಸೀಲಿನ ಒಂದು ಕಡೆ ಇರಲೇ ಇಲ್ಲ. ಹರಿದು ಚೂರಾಗಿ ಆಯಿಲಿನಲ್ಲಿ ತೇಲಿಹೋಗಿತ್ತು. ಆ ಚೂರುಗಳು ವಾಲ್ವಿನಲ್ಲೂ ಟ್ಯಾಂಕಿನ ತಳದಲ್ಲೂ ಸಿಕ್ಕಿದವು. ಹೀಗಾದಾಗ ಸೀಲ್ ಮಾತ್ರ ಬದಲಾಯಿಸಿ ಮುಚ್ಚಿದರೆ ಅದೇ ಚೂರು ನಾಳೆ ರಿಲೀಫ್ ವಾಲ್ವಿನ ಬಾಯಿಗೆ ಸಿಕ್ಕಿಕೊಳ್ಳುತ್ತದೆ.

ಸೀಲ್ ಕೊಳ್ಳಲು ಎಸ್‌ಜೆಪಿ ರಸ್ತೆಗೆ ಹೋಗುವಾಗ ಹಳೇ ಸೀಲ್ ಒಂದನ್ನೇ ತೆಗೆದುಕೊಂಡು ಹೋಗಬೇಡಿ. ವರ್ಷಗಟ್ಟಲೆ ಆಯಿಲಿನಲ್ಲಿ ನೆಂದು ಅದು ಉಬ್ಬಿರುತ್ತದೆ ಇಲ್ಲವೇ ಸವೆದಿರುತ್ತದೆ. ಸಾಧ್ಯವಾದರೆ ಪಿಸ್ಟನ್ನನ್ನೂ ಗ್ಲ್ಯಾಂಡನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಇಲ್ಲವಾದರೆ ಸೀಲ್ ಕೂರುವ ತೋಡಿನ ಅಗಲ, ಆಳ, ರಾಡಿನ ವ್ಯಾಸ, ಸಿಲಿಂಡರಿನ ಒಳವ್ಯಾಸ, ಎಲ್ಲವನ್ನೂ ವರ್ನಿಯರಿನಲ್ಲಿ ಅಳೆದು ಬರೆದುಕೊಳ್ಳಿ. ಹೊರದೇಶದಿಂದ ಬಂದ ಹಳೇ ಮಷಿನಾದರೆ ಅಳತೆ ಇಂಚಿನಲ್ಲಿರಬಹುದು. ನಾಲ್ಕಿಂಚು ಅಂದರೆ 101.6 ಮಿಲಿಮೀಟರ್. "ನೂರರದ್ದೇ ಕೂರುತ್ತೆ, ಹಾಕಿ" ಎಂದು ಕೊಟ್ಟರೆ ವಾಪಸ್ ಕೊಡಿ. ಆ ಒಂದೂವರೆ ಮಿಲಿಮೀಟರಿನಲ್ಲೇ ಒತ್ತಡವೆಲ್ಲ ಹೋಗುವುದು.

ಸೀಲ್ ಯಾವುದರದ್ದು, ಗಟ್ಟಿ ಪ್ಲಾಸ್ಟಿಕ್ಕಿನ ಥರದ ಪಾಲಿಯುರೆಥೇನೋ, ರಬ್ಬರಿನ ನೈಟ್ರೈಲೋ ಎಂದು ಅಂಗಡಿಯವರು ಕೇಳುತ್ತಾರೆ. ಸೌದೆ ಮಷಿನಿನ ಪಿಸ್ಟನ್ನಿಗೆ ಮತ್ತು ರಾಡಿಗೆ ನಾನು ಪಾಲಿಯುರೆಥೇನ್ ಹಾಕುತ್ತೇನೆ. ಉಜ್ಜಾಟ ತಡೆಯುತ್ತದೆ. ಓ ರಿಂಗುಗಳಿಗೆ ನೈಟ್ರೈಲ್ ಸಾಕು. ವಿಟಾನ್ ಅಂತ ದುಬಾರಿಯದನ್ನು ತೋರಿಸಿದರೆ ಸುಮ್ನೆ ನಕ್ಕು ಬಿಡಿ, ಅದು ಹೆಚ್ಚು ಬಿಸಿಯಾಗುವ ಕಡೆಗೆ. ಪಾಲಿಯುರೆಥೇನ್ ಗಟ್ಟಿ ಇರುತ್ತದೆ. ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟರೆ ಮೆತ್ತಗಾಗಿ ಕೂರುತ್ತದೆ. ತುಟಿ ಯಾವಾಗಲೂ ಒತ್ತಡ ಬರುವ ಕಡೆಗೆ ಮುಖ ಮಾಡಿರಬೇಕು. ತಿರುವುಮುರುವು ಹಾಕಿದರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಕೇಳಬೇಡಿ ನನಗೆ ಹೇಗೆ ಗೊತ್ತು ಎಂದು.

ರಾಡಿನಲ್ಲಿ ಗುಳಿ ಇದ್ದರೆ ಪೀಣ್ಯಕ್ಕೇ ಹೋಗಬೇಕು. ಇದು ಮನೆಯ ಕೆಲಸವಲ್ಲ. ಅಲ್ಲಿ ಮೊದಲು ರಾಡನ್ನು ಗ್ರೈಂಡ್ ಮಾಡಿ, ಹಾರ್ಡ್ ಕ್ರೋಮ್ ಹಾಕಿ, ಮತ್ತೆ ಅಳತೆಗೆ ಗ್ರೈಂಡ್ ಮಾಡುತ್ತಾರೆ. ಹಾಗಾಗಿ ಕೆಲವು ದಿನ ಹಿಡಿಯುತ್ತದೆ. "ಸಂಜೆ ಬನ್ನಿ, ರೆಡಿ ಇರುತ್ತೆ" ಎಂದರೆ ಅನುಮಾನ ಪಡಿ. ಟಾರ್ಚ್ ಬಿಟ್ಟು ಸಿಲಿಂಡರಿನ ಒಳಗೂ ನೋಡಿ. ಕೂದಲೆಳೆಯಂಥ ಗೀರುಗಳನ್ನು ಹೋನಿಂಗ್ ಮಾಡಿ, ಅಂದರೆ ಒಳಗೋಡೆಯನ್ನು ನಯವಾಗಿ ಉಜ್ಜಿ, ತೆಗೆಯಬಹುದು. ಉಗುರಿಗೆ ಸಿಗುವ ಉದ್ದ ಗೀರು ಇದ್ದರೆ, ಜೊತೆಗೆ ರಾಡೂ ಕೆಟ್ಟಿದ್ದರೆ, ಕ್ರೋಮ್, ಹೋನಿಂಗ್, ಸೀಲ್ ಎಲ್ಲದರ ಲೆಕ್ಕ ಹಾಕಿ ನೋಡಿ. ಅಲ್ಲೇ ಪೀಣ್ಯದಲ್ಲಿ ಅದೇ ಅಳತೆಯ ಹೊಸ ಸಿಲಿಂಡರ್ ಮಾಡಿಕೊಡುವವರ ಕೊಟೇಷನ್ನೂ ಕೇಳಿ. ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಅಂದರೆ ನಾನಾದರೆ ಹೊಸ ಸಿಲಿಂಡರಿಗೇ ಹೋಗುತ್ತೇನೆ.

ಮಷಿನ್ ಸಾಗಿಸಬೇಡಿ, ಪಾರ್ಟ್ ಸಾಗಿಸಿ

ಪೀಣ್ಯಕ್ಕೆ ಕೊಡುವುದು ಅಂದರೆ ಇಡೀ ಮಷಿನನ್ನು ಟಾಟಾ ಏಸಿನಲ್ಲಿ ಹೇರಿಕೊಂಡು ಹೋಗುವುದು ಎಂದು ತುಂಬ ಜನ ಅಂದುಕೊಂಡಿದ್ದಾರೆ. ಏರಿಸಲು ನಾಲ್ಕು ಜನ, ಇಳಿಸಲು ನಾಲ್ಕು ಜನ, ಬಾಡಿಗೆ ಬೇರೆ. ಅಲ್ಲಿ ಇಡೀ ಮಷಿನ್ ನೋಡಿದರೆ ಅವರಿಗೆ ರಿಪೇರಿ ಮಾಡಲು ಹತ್ತು ಜಾಗ ಕಾಣುತ್ತವೆ. ಅದು ಅವರ ತಪ್ಪೂ ಅಲ್ಲ. ಗೇಜ್ ಇಟ್ಟು ಹುಡುಕುತ್ತಾ ಕೂರಲು ಅವರಿಗೆ ಪುರುಸೊತ್ತಿಲ್ಲ, ಅದಕ್ಕೆ ನೀವು ಕೂಲಿಯನ್ನೂ ಕೊಡುವುದಿಲ್ಲ.

ನನಗೆ ಸರಿ ಅನ್ನಿಸಿದ್ದು ನಡುವಿನ ದಾರಿ. ಹುಡುಕುವುದು, ಬಿಚ್ಚುವುದು, ತೊಳೆಯುವುದು, ಜೋಡಿಸುವುದು ಮನೆಯಲ್ಲಿ. ಲೇತ್, ಗ್ರೈಂಡಿಂಗ್, ಕ್ರೋಮ್, ಹೋಸ್ ಕ್ರಿಂಪಿಂಗ್ (ಹೋಸಿನ ತುದಿಗೆ ಲೋಹದ ಫಿಟ್ಟಿಂಗ್ ಒತ್ತಿ ಕೂರಿಸುವುದು) ಅಂಗಡಿಯಲ್ಲಿ. ಸಿಲಿಂಡರ್ ಒಂದನ್ನೇ ಆಟೋದಲ್ಲಿ ತೆಗೆದುಕೊಂಡು ಹೋಗಬಹುದು. "ಏನೋ ಪವರ್ ಕಮ್ಮಿಯಾಗಿದೆ, ನೋಡಿ" ಎನ್ನುವ ಬದಲು "ಈ ರಾಡಿಗೆ ಕ್ರೋಮ್ ಬೇಕು, ಅಳತೆ ಇಷ್ಟು" ಎಂದು ಕೇಳಿದರೆ ಮಾತೂ ಬೇರೆ, ಬಿಲ್ಲೂ ಬೇರೆ. ಬದಲಾಯಿಸಿದ ಹಳೇ ಪಾರ್ಟನ್ನು ವಾಪಸ್ ಕೊಡಿ ಎಂದು ಮೊದಲೇ ಹೇಳಿಡಿ.

ಮಷಿನಿನ ಬೆನ್ನೆಲುಬಾದ ಕಬ್ಬಿಣದ ಬೀಮಿನ ವೆಲ್ಡಿಂಗ್ ಬಿರುಕು ಬಿಟ್ಟಿದ್ದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಹನ್ನೆರಡು ಟನ್ ಎಳೆತ ತಡೆಯುವ ಜಾಗ ಅದು. ಗೇಟು ಗ್ರಿಲ್ ಮಾಡುವವರ ಹತ್ತಿರ ಅದನ್ನು ಮಾಡಿಸಬೇಡಿ. ಯಾರೇ ವೆಲ್ಡ್ ಮಾಡಲಿ, ಅರ್ಥಿಂಗ್ ಕ್ಲ್ಯಾಂಪನ್ನು ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಹಾಕಿಸಿ. ಕರೆಂಟು ಸಿಲಿಂಡರಿನ ಮೂಲಕ ಹರಿದರೆ ರಾಡಿನ ಮೇಲೆ ಕಿಡಿ ಹಾರಿ ಹೊಸ ಗುಳಿ ಬೀಳುತ್ತದೆ.

ಪಂಪ್: ದೊಡ್ಡದು ಹಾಕಿಸಿದರೆ ಆಗುವುದೇನು

ಪಂಪೇ ಹೋಗಿದೆ ಎಂದು ಗೇಜ್ ಹೇಳಿತು ಅನ್ನೋಣ. ಶಾಫ್ಟಿನ ಹತ್ತಿರ ಮಾತ್ರ ಆಯಿಲ್ ಒಸರುತ್ತಿದ್ದರೆ ಆಯಿಲ್ ಸೀಲ್ ಬದಲಾಯಿಸಿ, ಪಂಪ್ ಬದಲಾಯಿಸಬೇಡಿ. ಗೇರ್ ಪಂಪಿನ ಒಳಗಿನ ಗೋಡೆಯೇ ಸವೆದಿದ್ದರೆ ಸೀಲ್ ಕಿಟ್ಟಿನಿಂದ ಏನೂ ಆಗುವುದಿಲ್ಲ. ಹೊಸದೇ ಬೇಕು.

ಆಗ ಅಂಗಡಿಯಲ್ಲಿ ಒಂದು ಆಸೆ ಹುಟ್ಟಿಸುತ್ತಾರೆ. "ಹೇಗೂ ಬದಲಾಯಿಸ್ತೀರಲ್ವಾ ಸರ್, ಸ್ವಲ್ಪ ದೊಡ್ಡದೇ ಹಾಕ್ಸಿ, ಸ್ಪೀಡ್ ಬರುತ್ತೆ." ಇಲ್ಲಿ ಒಂದು ಲೆಕ್ಕ ಗೊತ್ತಿರಬೇಕು. ಬಾರನ್ನು ನಿಮಿಷಕ್ಕೆ ಎಷ್ಟು ಲೀಟರ್ ಅನ್ನುವುದರಿಂದ ಗುಣಿಸಿ, 600ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ನಮ್ಮದು 160 ಬಾರ್, ನಿಮಿಷಕ್ಕೆ 12 ಲೀಟರ್. ಲೆಕ್ಕ 3.2 ಕಿಲೋವ್ಯಾಟ್ ಆಯಿತು. ಪಂಪಿನ ಒಳಗಿನ ನಷ್ಟ ಸೇರಿಸಿದರೆ ಸುಮಾರು 3.7. ಅಂದರೆ ಸರಿಯಾಗಿ 5 ಎಚ್‌ಪಿ ಮೋಟಾರ್. ಅದೇ ಜಾಗಕ್ಕೆ 16 ಲೀಟರಿನ ಪಂಪ್ ಹಾಕಿದರೆ 5 ಕಿಲೋವ್ಯಾಟ್ ಬೇಕು, ಸುಮಾರು 6.7 ಎಚ್‌ಪಿ. ಸಿಲ್ವರ್ ಓಕ್ ಸೀಳುವಾಗ ಸ್ಪೀಡಾಗಿ ಓಡುತ್ತದೆ. ಹುಣಸೆ ಗಂಟಿಗೆ ಬಂದ ಕೂಡಲೇ ಸ್ಟಾರ್ಟರ್ ಟ್ರಿಪ್ ಆಗುತ್ತದೆ. ಆಮೇಲೆ ಯಾರೋ ಹೆಚ್ಚು ಕರೆಂಟ್ ಎಳೆದರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇಯ ತಿರುಪು ಏರಿಸಿ ಕೊಡುತ್ತಾರೆ. ಆಮೇಲೆ ಮೋಟಾರ್ ವೈಂಡಿಂಗ್ ಸುಡುತ್ತದೆ.

ಸ್ಪೀಡ್ ನಿಜವಾಗಿ ಬೇಕಿದ್ದರೆ ದಾರಿ ಎರಡು ಹಂತದ ಪಂಪ್. ಅದರಲ್ಲಿ ದೊಡ್ಡ ಗೇರು, ಚಿಕ್ಕ ಗೇರು ಎರಡೂ ಇರುತ್ತವೆ. ಬೆಣೆ ಮರಕ್ಕೆ ತಾಗುವ ತನಕ ಎರಡೂ ಸೇರಿ ಆಯಿಲ್ ತಳ್ಳುತ್ತವೆ. ಒತ್ತಡ ಸುಮಾರು 40 ಬಾರ್ ದಾಟಿದಾಗ ದೊಡ್ಡದು ಕೈಬಿಡುತ್ತದೆ, ಚಿಕ್ಕದೊಂದೇ ಪೂರ್ತಿ ಒತ್ತಡ ಕೊಡುತ್ತದೆ. ವ್ಯತ್ಯಾಸ ಎಷ್ಟು ಗೊತ್ತಾ? 12 ಲೀಟರಿನ ಒಂಟಿ ಪಂಪಿನಲ್ಲಿ ನಮ್ಮ ರಾಡ್ ಅರ್ಧ ಮೀಟರ್ ಬರಲು 20 ಸೆಕೆಂಡ್. ಮೊದಲ ಹಂತದಲ್ಲಿ 40 ಲೀಟರ್ ಕೊಡುವ ಪಂಪಿದ್ದರೆ 6 ಸೆಕೆಂಡ್. ಮೋಟಾರ್ ಅದೇ ಸಾಕು.

ಒಂದು ಹುಷಾರು. ಅಮೆರಿಕದ ಸೌದೆ ಮಷಿನುಗಳಿಗೆ ಬರುವ ಎರಡು ಹಂತದ ಪಂಪಿನ ಮೇಲೆ ನಿಮಿಷಕ್ಕೆ 11 ಗ್ಯಾಲನ್ ಎಂದು ಬರೆದಿರುತ್ತದೆ. ಅದು ನಿಮಿಷಕ್ಕೆ 3600 ಸುತ್ತು ತಿರುಗುವ ಪೆಟ್ರೋಲ್ ಎಂಜಿನ್ನಿನ ಲೆಕ್ಕ. ನಮ್ಮ ಸಾಮಾನ್ಯ ಮೋಟಾರ್ 1440 ಸುತ್ತು. ಅದಕ್ಕೆ ಕೂರಿಸಿದರೆ ನಿಮಿಷಕ್ಕೆ 41 ಲೀಟರಿನ ಬದಲು 16 ಲೀಟರ್ ಸಿಗುತ್ತದೆ, ಎರಡನೇ ಹಂತದಲ್ಲಂತೂ ಆಮೆಯೇ. 2880 ಸುತ್ತಿನ ಮೋಟಾರಿಗೆ ಕೂರಿಸಿದರೆ ಬಹುಪಾಲು ಸರಿಹೋಗುತ್ತದೆ. ವಾರಕ್ಕೆ ಒಂದು ಗಂಟೆ ಓಡಿಸುವ ನನ್ನಂಥವರಿಗೆ ಒಂಟಿ ಪಂಪೇ ಸಾಕು. 20 ಸೆಕೆಂಡಿನಲ್ಲಿ ಮುಂದಿನ ತುಂಡು ಎತ್ತಿಟ್ಟುಕೊಳ್ಳಬಹುದು. ದಿನಾ ಒಂದು ಲೋಡ್ ಸೀಳುವ ಡಿಪೋದವರಿಗೆ ಎರಡು ಹಂತದ್ದು ಬೇಕೇ ಬೇಕು.

ಹೋಸು, ಆಯಿಲು

ಹೋಸಿನ ವಿಷಯದಲ್ಲಿ ಆಯ್ಕೆಯೇ ಇಲ್ಲ. ಹೊರಗಿನ ರಬ್ಬರ್ ಬಿರುಕು ಬಿಟ್ಟು ತಂತಿ ಕಂಡಿದ್ದರೆ ಬದಲಾಯಿಸಿ. ಒಂದು ಪದರ ತಂತಿಯ ಆರ್-1 ಬೇಡ, ಎರಡು ಪದರದ ಆರ್-2 ಕೇಳಿ. ತುದಿಗಳನ್ನು ಮಷಿನಿನಲ್ಲಿ ಕ್ರಿಂಪ್ ಮಾಡಿಸಿ. ಒತ್ತಡದ ಹೋಸಿಗೆ ಕ್ಲಿಪ್ಪು ಬಿಗಿದು ಕೆಲಸ ಸಾಗಿಸುವುದು ಬೇಡವೇ ಬೇಡ. ಟ್ಯಾಂಕಿನಿಂದ ಪಂಪಿಗೆ ಬರುವ ಸಕ್ಷನ್ ಹೋಸಿಗೆ ಮಾತ್ರ ಕ್ಲಿಪ್ ನಡೆಯುತ್ತದೆ.

ಆಯಿಲ್ 46ನೇ ನಂಬರೋ 68ನೇ ನಂಬರೋ (ನಂಬರ್ ಹೆಚ್ಚಿದಷ್ಟೂ ದಪ್ಪ) ಎಂಬ ಚರ್ಚೆ ಮುಗಿಯುವುದೇ ಇಲ್ಲ. ಬೆಂಗಳೂರಿನ ಹವೆಗೆ 46 ಸರಿ. ದಿನವಿಡೀ ಬಿಸಿಲಿನಲ್ಲಿ ಓಡಿಸುವವರು, ಪಂಪ್ ಸ್ವಲ್ಪ ಸವೆದಿದೆ ಎಂದು ಗೊತ್ತಿದ್ದವರು 68 ಹಾಕಬಹುದು. ದಪ್ಪ ಆಯಿಲ್ ಸಂದಿಯಲ್ಲಿ ಕಡಿಮೆ ನುಸುಳುತ್ತದೆ. ಆದರೆ ಡಿಸೆಂಬರ್ ಬೆಳಗ್ಗೆ ಪಂಪ್ ಸ್ವಲ್ಪ ಹೊತ್ತು ಗೊಣಗುತ್ತದೆ. ಸರ್ವೋ, ಎನ್ಕ್ಲೋ, ಟೆಲಸ್ ಯಾವ ಬ್ರ್ಯಾಂಡಾದರೂ ನಡೆಯುತ್ತದೆ, ಸೀಲ್ ಒಡೆಯದ ಡಬ್ಬಿ ಆದರೆ ಸರಿ. ಲೂಸ್ ಆಯಿಲ್ ಬೇಡ. ಎಂಜಿನ್ ಆಯಿಲ್ ಬೆರೆಸುವುದೂ ಬೇಡ.

ತೆಗೆದ ಹಳೇ ಆಯಿಲನ್ನು ಚರಂಡಿಗೆ ಸುರಿಯಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದೂ ಅಂಥ ತ್ಯಾಜ್ಯವೇ. ಹೋಸ್ ಅಂಗಡಿಯವರು ಹಳೇ ಆಯಿಲನ್ನು ಡ್ರಮ್ಮಿನಲ್ಲಿ ಕೂಡಿಟ್ಟು ರೀಸೈಕಲ್ ಮಾಡುವವರಿಗೆ ಕೊಡುತ್ತಿದ್ದರೆ ನಿಮ್ಮದನ್ನೂ ಅಲ್ಲಿಗೇ ಸೇರಿಸಿ.

ಮೋಟಾರೋ ಎಂಜಿನ್ನೋ

ಮೂರು ಫೇಸ್ ಕರೆಂಟ್ ಇದ್ದರೆ ಮೋಟಾರೇ ಒಳ್ಳೆಯದು. ಗಲಾಟೆ ಇಲ್ಲ, ಹೊಗೆ ಇಲ್ಲ, ಕೆಟ್ಟರೆ ಯಾವ ಬೀದಿಯಲ್ಲಾದರೂ ವೈಂಡಿಂಗ್ ಮಾಡುವವರು ಸಿಗುತ್ತಾರೆ. ಇಲ್ಲದಿದ್ದರೆ ಬೆಸ್ಕಾಂನಿಂದ ಹೊಸ ಸಂಪರ್ಕ ಪಡೆಯುವ ಖರ್ಚು ಮತ್ತು ಓಡಾಟವನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ಅಂಥವರಿಗೆ ಹೋಂಡಾ ಜಿಎಕ್ಸ್ 200 ಥರದ ಪೆಟ್ರೋಲ್ ಎಂಜಿನ್ ಅನುಕೂಲ, ಅದರಲ್ಲೂ ತೋಟದಲ್ಲಿ. ಬಡಾವಣೆಯೊಳಗೆ ಬೇಡ. ವಸತಿ ಪ್ರದೇಶದಲ್ಲಿ ಹಗಲಿನ ಶಬ್ದದ ಮಿತಿ 55 ಡೆಸಿಬಲ್. ಎಂಜಿನ್ ಅದನ್ನು ಸಲೀಸಾಗಿ ದಾಟುತ್ತದೆ. ಪಕ್ಕದ ಮನೆಯವರ ಸ್ನೇಹ ಅದಕ್ಕೂ ಮುಂಚೆಯೇ ಮುಗಿದಿರುತ್ತದೆ.

ಹೊಸದು ಯಾರಿಗೆ

ಗೇಜ್ ಓದಿನಲ್ಲಿ ಸಿಲಿಂಡರೂ ಕೆಟ್ಟಿದೆ, ಪಂಪೂ ಕೆಟ್ಟಿದೆ, ಜೊತೆಗೆ ಬೀಮೂ ಬಾಗಿದೆ ಅಂದರೆ ಬಿಟ್ಟುಬಿಡಿ. ಮೋಟಾರನ್ನೂ ಸ್ಟಾರ್ಟರನ್ನೂ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಹಾಕಿ. ಎರಡಕ್ಕಿಂತ ಹೆಚ್ಚು ದೊಡ್ಡ ಭಾಗ ಕೆಟ್ಟ ಮಷಿನಿಗೆ ದುಡ್ಡು ಸುರಿಯುವುದು ಪ್ರೀತಿ, ವ್ಯವಹಾರವಲ್ಲ. ಪ್ರೀತಿ ಇದ್ದರೆ ಮಾಡಿ, ಬೇಡ ಅನ್ನಲ್ಲ.

ತಮ್ಮ ತೋರಿಸಿದಂಥ ಐದು ಏಳು ಟನ್ನಿನ ಸಿಂಗಲ್ ಫೇಸ್ ಮಷಿನ್ ನಮ್ಮ ಕಡೆಯ ಸೌದೆಗೆ ಸಾಲದು. ಸಿಲ್ವರ್ ಓಕಿಗೆ, ತೆಂಗಿನ ಬೊಡ್ಡೆಯ ಚಿಕ್ಕ ತುಂಡಿಗೆ ಸರಿ. ಹೊಸಕೋಟೆ, ದೇವನಹಳ್ಳಿ ಕಡೆಯಿಂದ ಬರುವ ನೀಲಗಿರಿ ಬೇರೆಯೇ ಜಾತಿ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಳೇ ಬುಡಗಳನ್ನು ಈಗ ಬೇರು ಸಮೇತ ಕಿತ್ತು ಮಾರುತ್ತಿದ್ದಾರೆ. ಆ ಬುಡದ ಕೊರಡಿಗೆ ಬೆಣೆ ಸಿಕ್ಕಿಸಿದರೆ ಚಿಕ್ಕ ಮಷಿನ್ ಅಲ್ಲೇ ನಿಲ್ಲುತ್ತದೆ. ಹೊಸದು ಕೊಳ್ಳುವುದೇ ಆದರೆ ಅಂಗಡಿಯಲ್ಲಿ ಒಂದೇ ಪ್ರಶ್ನೆ ಕೇಳಿ: ಇದರ ಸೀಲ್ ಕಿಟ್ ಎಲ್ಲಿ ಸಿಗುತ್ತೆ? ಉತ್ತರ ಬರದಿದ್ದರೆ ಅದು ಎರಡು ವರ್ಷದ ಮಷಿನ್. ಇನ್ನು ಕೋನ್ ಆಕಾರದ ಸ್ಕ್ರೂ ತಿರುಗುವ ಅಗ್ಗದ ಮಷಿನ್ ಬೇಡವೇ ಬೇಡ. ಅದು ಪಂಚೆಯ ಅಂಚನ್ನೂ ಎಳೆದುಕೊಳ್ಳುತ್ತದೆ, ಕೈಯನ್ನೂ.

ವಾರಕ್ಕೆ ಒಂದು ಗೋಣಿಚೀಲ ಸೌದೆ ಸಾಕು ಅನ್ನುವವರಿಗೆ ಇಷ್ಟೆಲ್ಲ ಯಾಕೆ? ಒಂದು ಒಳ್ಳೆ ಕೊಡಲಿ ಕೊಳ್ಳಿ. ಹಸಿ ಇರುವಾಗಲೇ ಸೀಳಿ, ನೀಲಗಿರಿಯೂ ಮಾತು ಕೇಳುತ್ತದೆ.

ರಿಪೇರಿಯೋ ಹೊಸದೋ, ಲಿವರ್ ಮಾತ್ರ ಹೀಗಿರಬೇಕು: ಬೆಣೆ ಮುಂದಕ್ಕೆ ಹೋಗುವಾಗ ಕೈ ಬಿಟ್ಟರೆ ನಿಲ್ಲಬೇಕು. ಹಿಂದಕ್ಕೆ ಬರುವಾಗ ತಾನೇ ಬಂದರೆ ಪರವಾಗಿಲ್ಲ. ಡಿಪೋಗಳಲ್ಲಿ ಲಿವರಿಗೆ ತಂತಿ ಕಟ್ಟಿ ಎರಡೂ ಕೈಯಲ್ಲಿ ಸೌದೆ ಹಿಡಿಯುವುದನ್ನು ನೋಡಿದ್ದೇನೆ. ಲಿವರ್ ಒಬ್ಬರು, ಸೌದೆ ಇನ್ನೊಬ್ಬರು ಹಿಡಿಯುವುದೂ ಅಷ್ಟೇ ಕೆಟ್ಟದ್ದು. ಸೌದೆ ಇಟ್ಟವರೇ ಲಿವರ್ ಎಳೆಯಬೇಕು.

ನಮ್ಮ ಮಷಿನಿಗೆ ಕೊನೆಗೆ ಬೇಕಾದದ್ದು ಒಂದು ಪಿಸ್ಟನ್ ಸೀಲ್ ಕಿಟ್, ಎರಡು ಹೋಸ್, ಒಂದು ಟ್ಯಾಂಕ್ ಹೊಸ ಆಯಿಲ್. ಎರಡು ಭಾನುವಾರದ ಕೆಲಸ. ಈಗ ಗೇಜ್ 160 ತೋರಿಸುತ್ತದೆ. ಮೊದಲು ಬದಲಾಯಿಸಿದ ಹಳೇ ಪಂಪನ್ನು ನಾನು ವಾಪಸ್ ಕೇಳಿ ತಂದಿಟ್ಟಿದ್ದೆ. ಕುತೂಹಲಕ್ಕೆ ಅದನ್ನೇ ಮತ್ತೆ ಕೂರಿಸಿ ಲಿವರ್ ಎಳೆದೆ. 155 ಬಾರ್. ಹೊಸ ಪಂಪು ಈಗ ಆಯಿಲ್ ಬಟ್ಟೆ ಸುತ್ತಿಕೊಂಡು ಕಪಾಟಿನಲ್ಲಿ ಕೂತಿದೆ.